ಬರೆದ ಸಾಲಿನ ಹೊಣೆ

ಯಾಲಾಲ್ ಇದ್ದಲ್ಲೇ ಅದ. ಕಾಗ್ನಾ ಹೊಳೆ ಹರಿಯುವಲ್ಲೇ ಹರೀತದ, ತೊಗರಿ ಹೊಲ ಇದ್ದಲ್ಲೇ ಅವ. ಆದರೆ ಮುತ್ಯಾನ ಕಾಲದಿಂದ ನನ್ನ ಕಾಲಕ್ಕೆ ಬರುವಷ್ಟರಲ್ಲಿ ಊರಿನ ವಿಳಾಸ ಮೂರು ಸಲ ಬದಲಾಗಿದೆ. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ತಾಂಡೂರು ತಾಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯ ಕಾನೂನು ಗುಲ್ಬರ್ಗಾ ಜಿಲ್ಲೆಯನ್ನು ಮೈಸೂರಿಗೆ ಕೊಟ್ಟಿತು, ಆದರೆ ಕೊಡಂಗಲ್ ಮತ್ತು ತಾಂಡೂರು ತಾಲೂಕು ಬಿಟ್ಟು ಕೊಟ್ಟಿತು. ಆ 'ಬಿಟ್ಟು' ಅನ್ನುವ ಒಂದು ಮಾತಿನಿಂದ ನಾವು ಹೈದರಾಬಾದ್ ಜಿಲ್ಲೆಯವರಾದೆವು. 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯವರಾದೆವು. 2016ರ ಅಕ್ಟೋಬರಿನಲ್ಲಿ ವಿಕಾರಾಬಾದ್ ಜಿಲ್ಲೆಯವರಾದೆವು. ಜಹೀರಾಬಾದ್, ನಾರಾಯಣಖೇಡದ ಕಡೆಯವರ ಕತೆಯೂ ಇಂಥದ್ದೇ. ಅವರು ಬೀದರದಿಂದ ಮೆದಕಕ್ಕೆ ಹೋದರು, ಈಗ ಸಂಗಾರೆಡ್ಡಿಯಲ್ಲಿದ್ದಾರೆ. ಯಾರೂ ಗಂಟುಮೂಟೆ ಕಟ್ಟಲಿಲ್ಲ. ಎಲ್ಲೋ ಒಂದು ಪಟ್ಟಿಯಲ್ಲಿ ಒಂದು ಸಾಲು ಬದಲಾಯಿತು, ಅಷ್ಟೇ.

ಆ ಹಳೇ ಸಾಲುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಯಾರದೋ ಟ್ರಂಕಿನಲ್ಲಿ ಗುಲ್ಬರ್ಗಾ ಜಿಲ್ಲೆ ಅಂತ ಬರೆದ ಕಾಗದ ಸಿಗುತ್ತದೆ, ಇನ್ಯಾರದೋ ಸರ್ಟಿಫಿಕೇಟಿನಲ್ಲಿ ರಂಗಾರೆಡ್ಡಿ ಜಿಲ್ಲೆ ಅಂತ ಇರುತ್ತದೆ. ಬರೆದ ದಿನ ಅವೆಲ್ಲ ಖರೆಯೇ. ಈಗ ಅವು ಸುಳ್ಳೋ, ಖರೆಯೋ? ಸುಳ್ಳಾದರೆ ಸುಳ್ಳು ಹೇಳಿದವರು ಯಾರು? ನಾನು ಮಾಡುವ ಸಣ್ಣ ನೌಕರಿಯಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನಾನು ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ವೈರು ಎಳೆಯೋದು, ಪ್ರಿಂಟರ್ ಬಿಚ್ಚಿ ಕೂಡಿಸೋದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡೋದು. ಇದರ ಜೊತೆಗೆ ಹೊರಗಿನವರಿಗೆ ಕಾಣದ ಕೆಲಸ ಒಂದಿದೆ: ಹೆಸರಿನ ಪಟ್ಟಿ ಇಡುವುದು. ಕಂಪ್ಯೂಟರುಗಳು ಒಂದನ್ನೊಂದು ಹೆಸರು ಹಿಡಿದು ಹುಡುಕುವುದಿಲ್ಲ, ಅಂಕಿ ಹಿಡಿದು ಹುಡುಕುತ್ತವೆ. ಆಫೀಸಿನ ಪ್ರಿಂಟರ್ ಅಂದರೆ ಅವಕ್ಕೆ ತಿಳಿಯದು, 192.168.10.20 ಅಂದರೆ ತಿಳಿಯುತ್ತದೆ. ನಮಗೆ ಇದರ ಉಲ್ಟಾ. ನಮಗೆ ಹೆಸರು ನೆನಪಿರುತ್ತದೆ, ಅಂಕಿ ಮರೆತುಹೋಗುತ್ತದೆ. ನಡುವೆ ಒಂದು ಮಷಿನ್ ಕೂತಿರುತ್ತದೆ. ಅದಕ್ಕೆ ನೇಮ್ ಸರ್ವರ್ ಅನ್ನುತ್ತಾರೆ. ಹೆಸರು ಕೇಳಿದರೆ ಅಂಕಿ ಹೇಳುವುದೇ ಅದರ ಕೆಲಸ. ಮಕ್ಕಳು ಲ್ಯಾಬಿನಲ್ಲಿ ಏನು ಒತ್ತಿದರೂ ಮೊದಲು ಹೋಗಿ ಅದನ್ನೇ ಕೇಳುತ್ತದೆ, ಮಕ್ಕಳಿಗೆ ಗೊತ್ತಿಲ್ಲದ ಹಾಗೆ.

ಬಂದುಹೋಗುವ ಮೊಬೈಲು, ಲ್ಯಾಪ್‌ಟಾಪುಗಳಿಗೆ ಅಂಕಿ ತಾನೇ ಸಿಗುತ್ತದೆ, ಅವು ಹೋದ ಮೇಲೆ ವಾಪಸು ಬರುತ್ತದೆ. ಬಸ್ಸಿನ ಸೀಟು ಇದ್ದ ಹಾಗೆ. ಆದರೆ ಪ್ರಿಂಟರ್, ಹಾಜರಿ ಮಷಿನ್, ದಾಖಲೆ ಇಡುವ ಕಂಪ್ಯೂಟರ್ ಇಂಥವು ಒಂದೇ ಕಡೆ ಇರಬೇಕು. ಅವುಗಳ ಹೆಸರು, ಅಂಕಿ ಎರಡನ್ನೂ ಒಬ್ಬ ಮನುಷ್ಯ ಕೂತು ಕೈಯಿಂದ ಬರೆಯಬೇಕು. ಇದಕ್ಕೆ ಸ್ಟ್ಯಾಟಿಕ್ ಎಂಟ್ರಿ ಅನ್ನುತ್ತಾರೆ, ಅಂದರೆ ಕದಲದ ಸಾಲು. ಒಮ್ಮೆ ಬರೆದರೆ ಯಾರಾದರೂ ಅಳಿಸುವ ತನಕ ಅದು ಹಾಗೇ ಇರುತ್ತದೆ. ಕರೆಂಟು ಹೋಗಿ ಬಂದರೂ ಇರುತ್ತದೆ, ಬರೆದವನು ನೌಕರಿ ಬಿಟ್ಟು ಹೋದರೂ ಇರುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡುವುದು ಕಷ್ಟವಲ್ಲ. ಹೊಲದ ಕಾಗದ ಕಂಡವರಿಗೆ ಸೇತ್ವಾರ್ ಗೊತ್ತು, ಪಹಣಿ ಗೊತ್ತು. ಸೇತ್ವಾರ್ ಅಂದರೆ ನಿಜಾಮರ ಕಾಲದಲ್ಲಿ ಮೋಜಣಿಯಾದ ಮೇಲೆ ಬರೆದ ಮೂಲ ದಾಖಲೆ: ಯಾವ ಸರ್ವೆ ನಂಬರು, ಎಷ್ಟು ಎಕರೆ, ಪಟ್ಟಾ ಯಾರದು. ಪಹಣಿ ಹಾಗಲ್ಲ, ವರ್ಷವರ್ಷ ಬರೆಯುವಂಥದ್ದು. ಈ ವರ್ಷ ಹೊಲ ಯಾರ ಕಬ್ಜಾದಲ್ಲಿದೆ, ಏನು ಬಿತ್ತಿದ್ದಾರೆ ಎಂದು ಅದರಲ್ಲಿ ನೋಡಬೇಕು. ಹಿಂದಿನವರು ಎರಡನ್ನೂ ಬೇರೆ ಬೇರೆ ಇಟ್ಟದ್ದು ದಡ್ಡತನದಿಂದಲ್ಲ. ಕದಲದ್ದನ್ನು ಒಂದು ಪುಸ್ತಕದಲ್ಲಿ, ಕದಲುವುದನ್ನು ಇನ್ನೊಂದರಲ್ಲಿ ಇಟ್ಟರು. ತಂಟೆ ಶುರುವಾಗುವುದು ಕದಲುವುದನ್ನು ಕದಲದ ಪುಸ್ತಕದಲ್ಲಿ ಬರೆದಾಗ. ಈಗಲೂ ಹೊಲದ ವ್ಯಾಜ್ಯ ಬಿದ್ದರೆ ವಕೀಲರು 1954-55ರ ಖಾಸ್ರಾ ಪಹಣಿ ತನ್ನಿ ಅನ್ನುತ್ತಾರೆ. ಆವತ್ತು ಯಾರು ಏನು ಬರೆದರೋ ಅದರ ಮೇಲೆ ಇವತ್ತು ಮೊಮ್ಮಕ್ಕಳು ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದಾರೆ.

ಇನ್ನು ಕಾಲೇಜಿನಲ್ಲಿ ನಡೆದದ್ದು ಹೇಳುತ್ತೇನೆ.

ವಿದ್ಯಾರ್ಥಿವೇತನದ ಅರ್ಜಿಯ ದಿನಗಳು. ಮಕ್ಕಳು ಜಾತಿ, ಆದಾಯದ ಸರ್ಟಿಫಿಕೇಟು ತಂದು ಕೊಡುತ್ತಾರೆ. ಅಟೆಂಡರ್ ಅವನ್ನು ಸ್ಕ್ಯಾನರಿನಲ್ಲಿ ಹಾಕಿ ಒತ್ತುತ್ತಾನೆ, ಕಾಗದ ಮಕ್ಕಳ ಕೈಗೆ ವಾಪಸು ಕೊಡುತ್ತಾನೆ. ಸ್ಕ್ಯಾನ್ ಆದದ್ದು 'ದಾಖಲೆ' ಎಂಬ ಹೆಸರಿನ ಕಂಪ್ಯೂಟರಿಗೆ ಹೋಗಬೇಕು. ಆಫೀಸಿನ ಗುಮಾಸ್ತರು ಅದರಲ್ಲಿ ನೋಡಿ ಮುಂದಿನ ಕೆಲಸ ಮಾಡುತ್ತಾರೆ. ನಾನು ಆ ಕೆಲಸಕ್ಕೆ ಸೇರಿ ಇನ್ನೂ ವಾರ ಆಗಿರಲಿಲ್ಲ. ಒಬ್ಬ ಹುಡುಗಿ ಆಫೀಸಿನ ಮುಂದೆ ನಿಂತು ಅಳುತ್ತಿದ್ದಳು.

"ನಾ ಕೊಟ್ಟೀನ್ರಿ ಸರ್. ಸೋಮವಾರನೇ ಕೊಟ್ಟೀನಿ."

"ಕೊಟ್ಟಿದ್ರ ಇರ್ಬೇಕಲ್ಲವಾ? ಇಲ್ಲಿ ಇಲ್ಲ. ಸುಳ್ಳ್ಯಾಕ ಹೇಳ್ತಿ?"

ಗುಮಾಸ್ತರು ಕೆಟ್ಟವರಲ್ಲ. ಅವರ ಮುಂದಿನ ಕಂಪ್ಯೂಟರಿನಲ್ಲಿ ಅವಳ ಕಾಗದ ಇರಲಿಲ್ಲ, ಅದು ಖರೆ. ಹುಡುಗಿ ಸೋಮವಾರ ಕೊಟ್ಟದ್ದೂ ಖರೆ. ಅಟೆಂಡರ್ ಒತ್ತಿದ್ದೂ ಖರೆ, ಸ್ಕ್ಯಾನರ್ 'ಹೋಯಿತು' ಎಂದು ಹಸಿರು ದೀಪ ತೋರಿಸಿದ್ದೂ ಖರೆ. ನಾಲ್ಕು ಖರೆಗಳ ನಡುವೆ ಆ ಹುಡುಗಿ ಸುಳ್ಳಿಯಾಗಿ ನಿಂತಿದ್ದಳು. ಮರುದಿನ ಅವಳ ಅಪ್ಪ ಬಂದ. ಫರ್ಸಿ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೂಲಿ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. "ಸಾಹೇಬ್ರ, ನನ್ನ ಮಗಳು ಹಂಗ ಸುಳ್ಳ ಹೇಳಾಕಿ ಅಲ್ರಿ" ಅಂದ, ಆಮೇಲೆ ಮಗಳ ಕಡೆ ತಿರುಗಿ, "ಖರೆ ಹೇಳವಾ, ಕೊಟ್ಟೀಯೇನು?" ಅಂದ. ಅವನಿಗೂ ಅನುಮಾನ ಬಂದುಬಿಟ್ಟಿತ್ತು. ಆ ಎರಡನೇ ಮಾತು ಕೇಳಿದಾಗ ಹುಡುಗಿಯ ಮುಖ ಏನಾಯಿತು ಅಂತ ನಾನು ಬರೆಯಲಾರೆ.

ಹುಡುಕಿದಾಗ ಸಿಕ್ಕದ್ದು ಇದು. 'ದಾಖಲೆ' ಕಂಪ್ಯೂಟರನ್ನು ಆರು ತಿಂಗಳ ಹಿಂದೆ ಬದಲಾಯಿಸಿದ್ದರು. ಹೊಸದು ಗುಮಾಸ್ತರ ಮೇಜಿನ ಮೇಲೆ ಕೂತಿತ್ತು, ಅದಕ್ಕೆ ಹೊಸ ಅಂಕಿ ಕೊಟ್ಟಿದ್ದರು. ಹಳೆಯದನ್ನು ಲ್ಯಾಬಿನ ಮೂಲೆಯಲ್ಲಿ ಇಟ್ಟಿದ್ದರು, ಮಕ್ಕಳು ಟೈಪಿಂಗ್ ಕಲಿಯಲಿ ಅಂತ. ಅದರ ಅಂಕಿ ಹಳೆಯದೇ ಇತ್ತು, ಅದರೊಳಗಿನ ಫೋಲ್ಡರೂ ಹಾಗೇ ತೆರೆದಿತ್ತು. ನೇಮ್ ಸರ್ವರಿನ ಪಟ್ಟಿಯಲ್ಲಿ 'ದಾಖಲೆ' ಅನ್ನುವ ಹೆಸರಿನ ಮುಂದೆ ಹಳೇ ಅಂಕಿಯೇ ಉಳಿದಿತ್ತು. ಸ್ಕ್ಯಾನರ್ ಹೆಸರು ಕೇಳಿತು, ಪಟ್ಟಿ ಹಳೇ ಅಂಕಿ ಹೇಳಿತು, ಹಳೇ ಕಂಪ್ಯೂಟರ್ ಬಾಗಿಲು ತೆರೆದು ಎಲ್ಲಾ ಒಳಗೆ ತಗೊಂಡಿತು. ಆರು ತಿಂಗಳು ಯಾರೂ ಸ್ಕ್ಯಾನ್ ಮಾಡಿರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಆ ಮೂಲೆಯ ಕಂಪ್ಯೂಟರಿನಲ್ಲಿ ಹನ್ನೊಂದು ಮಕ್ಕಳ ಕಾಗದ ಸಿಕ್ಕವು. ಮೂಲೆಯ ಆ ಕಂಪ್ಯೂಟರ್ ಸತ್ತಿದ್ದರೆ ಒಳ್ಳೆಯದಿತ್ತು, ಸ್ಕ್ಯಾನರಿನಲ್ಲಿ ಕೆಂಪು ದೀಪ ಬರುತ್ತಿತ್ತು, ಮೊದಲ ದಿನವೇ ತಿಳಿಯುತ್ತಿತ್ತು. ತಪ್ಪು ವಿಳಾಸದಲ್ಲಿ ಖಾಲಿ ಮನೆ ಇದ್ದರೆ ಟಪಾಲು ವಾಪಸು ಬರುತ್ತದೆ. ಯಾರೋ ಇದ್ದು ಸಹಿ ಮಾಡಿ ತಗೊಂಡರೆ ಅದು ಹೋದಂತೆಯೇ.

ಅರ್ಜಿಗೆ ಇನ್ನೂ ದಿನ ಉಳಿದಿತ್ತು, ಹಾಗಾಗಿ ವಿದ್ಯಾರ್ಥಿವೇತನ ತಪ್ಪಲಿಲ್ಲ. ಗುಮಾಸ್ತರು ಹುಡುಗಿಯನ್ನು ಕರೆದು "ತಪ್ಪು ತಿಳೀಬ್ಯಾಡವಾ" ಅಂದರು. ಅಪ್ಪನ ಒಂದು ದಿನದ ಕೂಲಿ ಹೋಯಿತು, ಅದನ್ನು ಯಾರು ಕೊಡಬೇಕು?

ಆ ಸಾಲು ಬರೆದವರು ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು, ಈಗ ಹೈದರಾಬಾದಿನಲ್ಲಿದ್ದಾರೆ. ಒಳ್ಳೆ ಕೆಲಸಗಾರರು, ನನಗೆ ಬಹಳ ಕಲಿಸಿದವರು. ಫೋನು ಮಾಡಿ ಹೇಳಿದೆ. ಅವರು ಅಂದದ್ದು: "ತಮ್ಮಾ, ನಾ ಬರೆದಾಗ ಅದು ಖರೆ ಇತ್ತು. ಕಂಪ್ಯೂಟರ್ ಬದಲಾಯಿಸುವಾಗ ನಾ ಅಲ್ಲಿರಲಿಲ್ಲ." ಕಂಪ್ಯೂಟರ್ ಬದಲಾಯಿಸಿದವರು ಹೊರಗಿನ ಅಂಗಡಿಯವರು. ಅವರಿಗೆ ಪಟ್ಟಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಹೀಗೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ತಪ್ಪು ಯಾರ ಕೈಗೂ ಸಿಗುವುದಿಲ್ಲ, ನೀರಿನ ಹಾಗೆ ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಆದರೆ ಹುಡುಗಿ ಅತ್ತದ್ದಂತೂ ಆಗಿದೆ.

'ಬರೆದಾಗ ಖರೆ ಇತ್ತು' ಅನ್ನುವ ಮಾತನ್ನು ನಾನು ಬಹಳ ದಿನ ತಲೆಯಲ್ಲಿ ಹಾಕಿಕೊಂಡು ತಿರುಗಾಡಿದೆ. ಅದು ನೆಪವಲ್ಲ, ಅದರಲ್ಲಿ ನ್ಯಾಯವಿದೆ. ನಮ್ಮ ವಾಚನಾಲಯದಲ್ಲಿ ಕೂತಾಗ ಒಬ್ಬ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಕಪಾಟಿನ ಕಡೆ ಕೈ ತೋರಿಸಿ, "ಅಲ್ಲಿ ಹಳೇ ಭೂಗೋಳದ ಪುಸ್ತಕ ಅದಾವ. ಅದರಾಗ ನಾವು ಇನ್ನೂ ಆಂಧ್ರಪ್ರದೇಶದಾಗ ಅದೀವಿ. ಹಂಗಂತ ಆ ಪುಸ್ತಕ ಬರೆದವನ್ನ ಹಿಡಿದು ಕೇಳ್ತೀಯೇನು?" ಅಂದರು. ಒಳ್ಳೆ ಪ್ರಶ್ನೆ. ನನಗೆ ಆವತ್ತು ಉತ್ತರ ಹೊಳೆಯಲಿಲ್ಲ, ಮನೆಗೆ ಹೋದ ಮೇಲೆ ಹೊಳೆಯಿತು.

ಪುಸ್ತಕದ ಮೇಲೆ ಇಸವಿ ಇರುತ್ತದೆ. ಓದುವವನಿಗೆ ಇದು ಆವತ್ತಿನ ಮಾತು ಎಂದು ಗೊತ್ತು. ಪುಸ್ತಕ 'ಆಗ ಹೀಗಿತ್ತು' ಅನ್ನುತ್ತದೆ. ಹೆಸರಿನ ಪಟ್ಟಿ ಹಾಗನ್ನುವುದಿಲ್ಲ. ಅದನ್ನು ಕೇಳಿದಾಗೆಲ್ಲ ಅದು 'ಈಗ ಇಲ್ಲಿದೆ' ಅನ್ನುತ್ತದೆ. ಮೂರು ವರ್ಷದ ಹಿಂದೆ ಬರೆದ ಸಾಲು ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಕೇಳಿದರೆ ಇವತ್ತಿನ ಬೆಳಿಗ್ಗೆಯ ಮಾತಾಗಿ ಹೊರಬರುತ್ತದೆ. ಬರೆಯುವುದು ಒಮ್ಮೆ, ಹೇಳುವುದು ದಿನಕ್ಕೆ ಸಾವಿರ ಸಲ. ಹಾಗಾದರೆ ಆ ಸಾಲಿನ ಖರೆ ಸುಳ್ಳು ನೋಡಬೇಕಾದದ್ದು ಬರೆದ ದಿನದ್ದಲ್ಲ, ಕೇಳಿದ ದಿನದ್ದು. ಅದನ್ನು ಹೇಳುತ್ತಿರುವವರು ಯಾರು? ಬರೆದು ಹೋದವರಲ್ಲ, ಈಗ ಆ ಪಟ್ಟಿಯ ಕೀಲಿ ಯಾರ ಕೈಯಲ್ಲಿದೆಯೋ ಅವರು. ಕುರ್ಚಿ ತಗೊಂಡವನು ಅದರ ಜೊತೆ ಹಳೇ ಸಾಲುಗಳನ್ನೂ ತಗೊಂಡ. ಮನೆ ಹಂಚಿಕೆಯಲ್ಲಿ ಹೊಲದ ಜೊತೆ ಸಾಲವೂ ಬರುತ್ತದಲ್ಲ, ಹಂಗ.

ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಪೂರ್ತಿ ಒಪ್ಪಲಿಲ್ಲ. "ಕೇಳಿದವನದೂ ಸ್ವಲ್ಪ ಹೊಣೆ ಇಲ್ಲೇನು? ಒಂದೇ ಕಡೆ ಕೇಳಿ ನಂಬಬೇಕ್ಯಾಕ?" ಅಂದರು. ಊರಲ್ಲಿ ವಿಳಾಸ ಕೇಳುವಾಗ ನಾವು ಇಬ್ಬರನ್ನು ಕೇಳುತ್ತೇವೆ, ಖರೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ, ಹೋಟೆಲಿನ ಹತ್ತಿರ ಇನ್ನೊಬ್ಬ. ಆದರೆ ಸ್ಕ್ಯಾನರಿಗೆ ಎರಡನೆಯವನನ್ನು ಕೇಳುವ ದಾರಿಯೇ ಇಲ್ಲ. ನಾವೇ ಅದಕ್ಕೆ 'ಇವನನ್ನೇ ಕೇಳು' ಎಂದು ಕಟ್ಟಿಟ್ಟಿದ್ದೇವೆ. ಆ ಹುಡುಗಿಗಂತೂ ತನ್ನ ಕಾಗದದ ನಡುವೆ ಇಂಥದ್ದೊಂದು ಪಟ್ಟಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ತನಗೆ ಗೊತ್ತೇ ಇಲ್ಲದ್ದನ್ನು ಅನುಮಾನಿಸುವುದು ಹೇಗೆ?

ಇಂಟರ್ನೆಟ್ಟಿನ ಶುರುವಿನಲ್ಲಿ ಇಡೀ ಜಾಲಕ್ಕೆ ಇಂಥ ಒಂದೇ ಪಟ್ಟಿ ಇತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಹೆಣ್ಣುಮಗಳ ಕೈಕೆಳಗಿನ ಕಚೇರಿ ಅದನ್ನು ಇಟ್ಟಿತ್ತು. 'ಹೋಸ್ಟ್ಸ್' ಎಂಬ ಒಂದೇ ಕಡತ. ಹೊಸ ಕಂಪ್ಯೂಟರ್ ಕೂಡಿದರೆ ಆ ಕಚೇರಿಗೆ ತಿಳಿಸಬೇಕು, ಅವರು ಕೈಯಿಂದ ಸೇರಿಸುತ್ತಿದ್ದರು, ಉಳಿದವರು ಆ ಕಡತವನ್ನು ಆಗಾಗ ತರಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಹೊಸ ಏರ್ಪಾಡು ಬರೆದರು. ಒಂದೇ ಪಟ್ಟಿ ಬೇಡ, ಅವರವರ ಪಟ್ಟಿ ಅವರವರು ಇಟ್ಟುಕೊಳ್ಳಲಿ, ಮೇಲಿನವನಿಗೆ ಕೆಳಗಿನ ಪಟ್ಟಿ ಯಾರ ಹತ್ತಿರ ಇದೆ ಅನ್ನುವುದಷ್ಟೇ ಗೊತ್ತಿದ್ದರೆ ಸಾಕು. ಜಿಲ್ಲೆಗೆ ತಾಲೂಕು ಗೊತ್ತು, ತಾಲೂಕಿಗೆ ಊರು ಗೊತ್ತು, ಊರಿನವನಿಗೆ ಮನೆ ಗೊತ್ತು. ಇವತ್ತಿಗೂ ಅದೇ ನಡೆಯುತ್ತಿದೆ.

ಇದನ್ನು ಜನ ಕೆಲಸ ಹಗುರ ಮಾಡುವ ಉಪಾಯ ಅನ್ನುತ್ತಾರೆ. ನನಗೆ ಇದರಲ್ಲಿ ನೀತಿಯ ಮಾತೂ ಕಾಣುತ್ತದೆ. ಕದಲುವ ವಸ್ತು ಯಾರ ಕಣ್ಣೆದುರಿಗಿದೆಯೋ ಅವನೇ ಅದರ ಸಾಲು ಬರೆಯಬೇಕು, ದೂರದವನು ಬರೆದರೆ ಹಳಸುತ್ತದೆ. ಇನ್ನೊಂದು ಕಟ್ಟಳೆಯನ್ನೂ ಇಟ್ಟರು: ಪ್ರತಿ ಉತ್ತರದ ಜೊತೆ 'ಇದನ್ನು ಇಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು, ಆಮೇಲೆ ಮತ್ತೆ ಬಂದು ಕೇಳು' ಎಂಬ ಒಂದು ಅಂಕಿ ಹೋಗುತ್ತದೆ. 86400 ಅಂತಿದ್ದರೆ ಒಂದು ದಿನ. ತನ್ನ ಮಾತಿಗೆ ತಾನೇ ಅವಧಿ ಹಾಕಿ ಕೊಡುವುದು ಎಷ್ಟು ಜನರಿಂದ ಆಗುತ್ತದೆ? ಆದರೆ ಇಲ್ಲೊಂದು ತೊಡಕಿದೆ. ಅವಧಿ ಇರುವುದು ಕೇಳಿದವನ ನೆನಪಿಗೆ, ಪಟ್ಟಿಯ ಸಾಲಿಗಲ್ಲ. ಅವನು ಮರುದಿನ ಬಂದು ಕೇಳಿದರೂ ಅದೇ ಹಳೇ ಸಾಲನ್ನು ಹೊಸ ಅವಧಿ ಹಾಕಿ ಕೊಡುತ್ತದೆ.

ಪಟ್ಟಿ ಇಡುವವನ ಬಲ ಎಷ್ಟು ಅನ್ನುವುದಕ್ಕೂ ಒಂದು ಸಂಗತಿ ಇದೆ. ಜಾನ್ ಪೋಸ್ಟೆಲ್ ಎಂಬವರು ಇಂಟರ್ನೆಟ್ಟಿನ ಹೆಸರು ಅಂಕಿಗಳ ಲೆಕ್ಕವನ್ನು ವರ್ಷಾನುಗಟ್ಟಲೆ ಇಟ್ಟವರು, ಎಲ್ಲರ ನಂಬಿಗೆ ಗಳಿಸಿದವರು. 1998ರ ಜನವರಿಯಲ್ಲಿ ಅವರು ಎಲ್ಲಕ್ಕಿಂತ ಮೇಲಿನ ಪಟ್ಟಿ ನೋಡಿಕೊಳ್ಳುವವರಿಗೆ ಒಂದು ಪತ್ರ ಕಳಿಸಿದರು: ಇನ್ನು ಮೇಲೆ ಮೂಲ ಪಟ್ಟಿಯನ್ನು ಅಲ್ಲಿಂದಲ್ಲ, ನನ್ನ ಕಡೆಯ ಕಂಪ್ಯೂಟರಿನಿಂದ ತಗೊಳ್ಳಿ ಅಂತ. ಎಂಟು ಸರ್ವರಿನವರು ಹಾಗೇ ಮಾಡಿದರು. ಇಂಟರ್ನೆಟ್ ಬಳಸುವ ಯಾರಿಗೂ ಏನೂ ತಿಳಿಯಲಿಲ್ಲ. ಇದು ಪರೀಕ್ಷೆ ಎಂದು ಅವರು ಹೇಳಿದರು, ಅಮೆರಿಕದ ಸರ್ಕಾರದ ಒತ್ತಾಯ ಬಂದ ಮೇಲೆ ಮೊದಲಿನ ಹಾಗೆ ಮಾಡಿಸಿದರು. ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ಈಗಲೂ ವಾದ ಮಾಡುವವರಿದ್ದಾರೆ. ನನ್ನ ಗಮನ ಹೋಗುವುದು ಇನ್ನೊಂದರ ಕಡೆ: ಯಾರಿಗೂ ತಿಳಿಯಲಿಲ್ಲ ಅನ್ನುವುದರ ಕಡೆ. ನಮ್ಮ ಕಡೆ ಪಟವಾರಿಯನ್ನು ಕಂಡರೆ ಜನ ಯಾಕೆ ಹೆದರುತ್ತಿದ್ದರು? ಅವನ ಹತ್ತಿರ ಬಂದೂಕು ಇರಲಿಲ್ಲ, ದಫ್ತರ ಇತ್ತು. ಅವನು ಉರ್ದುವಿನಲ್ಲಿ ಬರೆಯುತ್ತಿದ್ದ, ಹೊಲದವನಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದ ಅಂತ ಗೊತ್ತಾಗುತ್ತಿದ್ದದ್ದು ಹೊಲ ಕೈಬಿಟ್ಟ ಮೇಲೆಯೇ.

ಆ ಬಲ ಸಣ್ಣ ಪ್ರಮಾಣದಲ್ಲಿ ನನ್ನ ಕೈಗೂ ಬಂತು.

ಕಾಲೇಜಿನ ಪ್ರಿನ್ಸಿಪಾಲರು ಒಂದು ದಿನ ಕರೆದು, "ಮಕ್ಕಳು ಲ್ಯಾಬಿನಾಗ ಗೇಮ್ ಆಡ್ತಾವ. ಅದು ಬರದಂಗ ಮಾಡಪಾ" ಅಂದರು. ಮಾಡುವುದು ಬಹಳ ಸುಲಭ. ಆ ಗೇಮಿನ ಹೆಸರು ನನ್ನದಲ್ಲ, ಅದರ ಖರೆ ಪಟ್ಟಿ ಬೇರೆ ಯಾರದೋ ಹತ್ತಿರ ಇದೆ. ಆದರೂ ನನ್ನ ಪಟ್ಟಿಯಲ್ಲಿ ಆ ಹೆಸರು ಬರೆದು ಮುಂದೆ 0.0.0.0 ಎಂದು ಹಾಕಿದರೆ, ನಮ್ಮ ಕಾಲೇಜಿನೊಳಗೆ ಜಗತ್ತಿನ ಮಾತಿಗಿಂತ ನನ್ನ ಮಾತೇ ದೊಡ್ಡದು. ಒಳಗಿನ ಸರ್ವರ್ ಮೊದಲು ತನ್ನ ಪಟ್ಟಿ ನೋಡುತ್ತದೆ, ಅದರಲ್ಲಿ ಇಲ್ಲದಿದ್ದರೆ ಮಾತ್ರ ಹೊರಗೆ ಕೇಳುತ್ತದೆ. ಒಂದೇ ಸಾಲಿನಿಂದ ಇರುವ ಊರನ್ನು ಇಲ್ಲ ಅನ್ನಿಸಬಹುದು. ಬ್ಯಾಂಕಿನ ಹೆಸರು ಬರೆದು ಬೇರೆ ಕಡೆಯ ಅಂಕಿಯನ್ನೂ ಹಾಕಬಹುದು. ಬ್ರೌಸರಿನಲ್ಲಿ ಬೀಗದ ಗುರುತು, ಸರ್ಟಿಫಿಕೇಟು ಅಂತೆಲ್ಲ ಕಾವಲು ಇರುವುದು ಇಂಥ ಕಾರಣಕ್ಕೇ, ಪಟ್ಟಿ ಇಡುವವನನ್ನು ಕಣ್ಣು ಮುಚ್ಚಿ ನಂಬಬಾರದು ಅಂತ.

ಲ್ಯಾಬಿನಲ್ಲಿ ಗೇಮ್ ಬೇಡ ಅನ್ನುವುದು ನನಗೂ ಒಪ್ಪಿಗೆ. ಅದು ಕಾಲೇಜಿನ ಹಕ್ಕು. ನನಗೆ ತಡೆದದ್ದು ಬೇರೆ. 'ಬಾಗಿಲು ಮುಚ್ಚಿದೆ' ಅನ್ನುವುದಕ್ಕೂ 'ಅಲ್ಲಿ ಮನೆಯೇ ಇಲ್ಲ' ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ? ಮೊದಲನೆಯದು ನಿಷೇಧ, ಎರಡನೆಯದು ಸುಳ್ಳು. ನಿಷೇಧದ ಮುಂದೆ ಮಗು 'ಯಾಕ್ರಿ ಸರ್?' ಎಂದು ಕೇಳಬಹುದು, ಜಗಳ ಆಡಬಹುದು, ಬೇಕಾದರೆ ತಪ್ಪು ಅಂತ ತೋರಿಸಬಹುದು. ಸುಳ್ಳಿನ ಮುಂದೆ ಏನು ಮಾಡುತ್ತದೆ? ಕಂಪ್ಯೂಟರ್ ಕೆಟ್ಟಿದೆ ಅನ್ನುತ್ತದೆ, ಸುಮ್ಮನಾಗುತ್ತದೆ. ಇವತ್ತು ಗೇಮ್, ನಾಳೆ ಯಾರಿಗೋ ಬೇಡವಾದ ಒಂದು ಸುದ್ದಿ, ಆಗಲೂ ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೇ ಸುಮ್ಮನಾಗುತ್ತದೆ.

ಇದು ನನ್ನೊಬ್ಬನ ಹುಚ್ಚು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಇಂಟರ್ನೆಟ್ಟಿನ ನಿಯಮ ಬರೆಯುವ ಎಂಜಿನಿಯರುಗಳೂ ಇದನ್ನೇ ವಿಚಾರ ಮಾಡಿದ್ದಾರೆ. ಅವರು ತಮ್ಮ ನಿಯಮಗಳಿಗೆ ಸಾಲಾಗಿ ನಂಬರು ಕೊಡುತ್ತಾರೆ. 2020ರ ಅಕ್ಟೋಬರಿನಲ್ಲಿ ಬಂದ 8914ನೇ ಬರಹ, ನೇಮ್ ಸರ್ವರ್ ಸರಿ ಉತ್ತರ ಕೊಡದಿದ್ದಾಗ ಯಾಕೆ ಕೊಡಲಿಲ್ಲ ಅನ್ನುವುದನ್ನೂ ಜೊತೆಗೆ ಹೇಳುವ ದಾರಿ ಮಾಡಿದೆ. 15 ಅಂದರೆ ಈ ಸರ್ವರ್ ನಡೆಸುವವರೇ ಮುಚ್ಚಿದ್ದಾರೆ. 16 ಅಂದರೆ ಬೇರೆಯವರು, ಮೇಲಿನವರು ಮುಚ್ಚಿಸಿದ್ದಾರೆ. 17 ಅಂದರೆ ಕೇಳುವವರೇ ಮುಚ್ಚಿ ಎಂದು ಹೇಳಿಟ್ಟಿದ್ದಾರೆ. ಇನ್ನೊಂದಿದೆ, 4: ಕೊಟ್ಟ ಉತ್ತರ ಖರೆಯದ್ದಲ್ಲ, ನಾವೇ ಕಟ್ಟಿದ್ದು. ಸುಳ್ಳು ಹೇಳುವಾಗಲೂ 'ಇದು ಸುಳ್ಳು' ಎಂದು ಹೇಳಲು ಒಂದು ಅಂಕಿ ಇಟ್ಟಿದ್ದಾರೆ! ಓದಿ ನಗು ಬಂತು, ಆಮೇಲೆ ಅವರ ಮೇಲೆ ಗೌರವವೂ ಬಂತು. ತೊಂದರೆ ಏನಂದರೆ, ಲ್ಯಾಬಿನ ಮಗು ಈ ಅಂಕಿಗಳನ್ನು ನೋಡುವುದೇ ಇಲ್ಲ. ಆ ಹೆಸರನ್ನು 'ಮುಚ್ಚಿದೆ' ಎಂದು ಬರೆದ ನಮ್ಮದೇ ಪುಟಕ್ಕೆ ತಿರುಗಿಸೋಣ ಅಂದರೆ, ಬ್ರೌಸರ್ 'ಇಲ್ಲೇನೋ ಮೋಸ ಇದೆ' ಎಂದು ಎಚ್ಚರಿಕೆ ತೋರಿಸುತ್ತದೆ. ಪಾಪ, ಅದು ಹೇಳುವುದೂ ಸರಿಯೇ.

ಕೊನೆಗೆ ಮಾಡಿದ್ದು ಹಳೇ ಕಾಲದ ಕೆಲಸ. ಮುಚ್ಚಿದ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು, ಯಾರು ಮುಚ್ಚಿಸಿದ್ದು, ಯಾವತ್ತಿನಿಂದ ಎಂದು ಹಾಕಿ, ಲ್ಯಾಬಿನ ಗೋಡೆಗೆ ಅಂಟಿಸುತ್ತೇನೆ ಅಂದೆ. ಪ್ರಿನ್ಸಿಪಾಲರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗ ಬರೆದ್ರ ಮಕ್ಕಳಿಗೆ ಗೊತ್ತಿಲ್ಲದ ಗೇಮಿನ ಹೆಸರೂ ಗೊತ್ತಾಗ್ತಾವಲ್ಲೋ" ಅಂದರು. ಅದೂ ಖರೆಯೇ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಒಪ್ಪಿದರು. ಕಾಗದ ಈಗಲೂ ಗೋಡೆಯ ಮೇಲಿದೆ. ಒಬ್ಬ ಹುಡುಗ ಬಂದು, "ಸರ್, ಇದರಾಗ ಒಂದು ಗೇಮ್ ಅಲ್ರಿ, ಅದು ಲೆಕ್ಕ ಕಲಿಸೋದು" ಅಂದ. ನೋಡಿದೆ, ಅವನು ಹೇಳಿದ್ದು ಸರಿ ಇತ್ತು, ಪ್ರಿನ್ಸಿಪಾಲರಿಗೆ ಹೇಳಿ ಅದನ್ನು ತೆಗೆಸಿದೆ. ಗೋಡೆಯ ಮೇಲೆ ಬರೆಯದಿದ್ದರೆ ಅವನಿಗೆ ಕೇಳುವ ದಾರಿಯೇ ಇರುತ್ತಿರಲಿಲ್ಲ.

ಹೆಸರಿನ ವಿಷಯದಲ್ಲಿ ಮನಸ್ಸಿಗೆ ಹಿತವಾದದ್ದೂ ಒಂದಿದೆ, ಅದನ್ನು ಹೇಳದೆ ಹೋದರೆ ಈ ಕೆಲಸ ಬರೀ ಕಿರಿಕಿರಿ ಅನ್ನಿಸೀತು. ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ಅಂಕಿಯ ಬದಲು ಇನ್ನೊಂದು ಹೆಸರು ಬರೆಯಬಹುದು: 'ಇವನನ್ನು ಕೇಳಿದರೆ ಅವನನ್ನು ತೋರಿಸು' ಅಂತ. ಗುಲ್ಬರ್ಗಾ 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು. ರೈಲ್ವೆಯವರ ಗುರುತಿನ ಅಕ್ಷರಗಳೂ ಜಿಆರ್ ಇದ್ದದ್ದು ಕೆಎಲ್‌ಬಿಜಿ ಆದವು. ಆದರೆ ತಾಂಡೂರು ಸ್ಟೇಷನ್ನಿನಲ್ಲಿ ನಿಂತು ನಮ್ಮ ಅತ್ತೆ ಇವತ್ತಿಗೂ "ಗುಲ್ಬರ್ಗಾಕ್ಕ ಒಂದು ಟಿಕೀಟು ಕೊಡಪಾ" ಅನ್ನುತ್ತಾಳೆ, ಕೌಂಟರಿನವನು ಕೊಡುತ್ತಾನೆ. ನಮ್ಮ ಕಾಗ್ನಾ ಗಡಿ ದಾಟಿದರೆ ಕಾಗಿಣಾ ಆಗುತ್ತಾಳೆ, ಮಳಖೇಡದ ಕೋಟೆಯ ಬದಿಗೆ ಹರಿದು ಭೀಮೆಗೆ ಕೂಡುತ್ತಾಳೆ. ಯಾವ ಹೆಸರಿನಿಂದ ಕರೆದರೂ ನೀರು ಅದೇ. ಹಳೇ ಹೆಸರು ಹಿಡಿದು ಬಂದವರನ್ನು ವಾಪಸು ಕಳಿಸದೆ ಹೊಸ ಮನೆಗೆ ಮುಟ್ಟಿಸುವ ಆ ಸಾಲು ನನಗೆ ಪಟ್ಟಿಯಲ್ಲೇ ಎಲ್ಲಕ್ಕಿಂತ ಮನುಷ್ಯತ್ವದ ಸಾಲಾಗಿ ಕಾಣುತ್ತದೆ.

ಈಗ ನಮ್ಮ ಪಟ್ಟಿಯ ಪ್ರತಿ ಸಾಲಿನ ಪಕ್ಕಕ್ಕೆ ಬರೆದ ತಾರೀಖು, ಬರೆದವರ ಹೆಸರು, ಯಾಕೆ ಬರೆದದ್ದು ಎಂದು ಹಾಕಿದ್ದೇನೆ. ವರ್ಷಕ್ಕೊಮ್ಮೆ, ಜೂನಿನಲ್ಲಿ ಕಾಲೇಜು ಶುರುವಾಗುವ ಮೊದಲು, ಪಹಣಿ ಬರೆಯುವವನು ಹೊಲಕ್ಕೆ ಹೋಗಬೇಕಾದ ಹಾಗೆ ನಾನೂ ಒಂದೊಂದು ಮಷಿನ್ ಹತ್ತಿರ ಹೋಗಿ, ಅದರ ಅಂಕಿ ನೋಡಿ, ಪಟ್ಟಿಗೆ ತಾಳೆ ಹಾಕುತ್ತೇನೆ. ಕುರ್ಚಿಯಲ್ಲಿ ಕೂತೇ ನೋಡಬಹುದು, ಆದರೆ ಕೂತು ನೋಡಿದರೆ ಯಾವುದೋ ಮಷಿನ್ ಉತ್ತರ ಕೊಟ್ಟಿತು ಎಂದಷ್ಟೇ ತಿಳಿಯುತ್ತದೆ. ಮೂಲೆಯ ಆ ಹಳೇ ಕಂಪ್ಯೂಟರ್ ಕೂಡ ಉತ್ತರ ಕೊಡುತ್ತಲೇ ಇತ್ತು.

ಒಂದು ಸಾಲು ಮಾತ್ರ ಉಳಿದಿದೆ. ಹೆಸರು 'ತೂಕ' ಅಂತ ಇದೆ, ಮುಂದೆ ಒಂದು ಅಂಕಿ. ಹೈದರಾಬಾದಿನ ಅಣ್ಣನಿಗೆ ಕೇಳಿದೆ, ತಾನು ಬರೆದದ್ದಲ್ಲ, ತನಗಿಂತ ಮೊದಲಿನದು ಅಂದರು. ಕಾಲೇಜಿನಲ್ಲಿ ತೂಕದ ಮಷಿನ್ ಯಾವುದೂ ಇಲ್ಲ. ಆ ಅಂಕಿಯನ್ನು ಕರೆದರೆ ಯಾರೂ ಓಗೊಡುವುದಿಲ್ಲ. ಆದರೆ ಸರ್ವರಿನ ಲೆಕ್ಕದಲ್ಲಿ ನೋಡಿದರೆ, ಕಾಲೇಜಿನೊಳಗಿನ ಯಾವುದೋ ಒಂದು ಮಷಿನ್ ದಿನಾ ರಾತ್ರಿ ಎರಡು ಗಂಟೆಗೆ ಆ ಹೆಸರು ಕೇಳುತ್ತದೆ. ಯಾವುದು ಅಂತ ಹುಡುಕುತ್ತಿದ್ದೇನೆ. ಅಳಿಸಿದರೆ ಯಾವ ಕೆಲಸ ನಿಲ್ಲುತ್ತದೋ, ಇಟ್ಟರೆ ಯಾರಿಗೆ ಸುಳ್ಳು ಹೇಳುತ್ತಿದ್ದೇನೋ ಗೊತ್ತಿಲ್ಲ. ನೋಟಿಸ್ ಬೋರ್ಡಿನಲ್ಲಿ ಬರೆದಿದ್ದೇನೆ, 'ತೂಕ ಎಂಬ ಹೆಸರು ಯಾರದಾದರೂ ಇದ್ದರೆ ದಸರಾ ರಜೆಯ ಒಳಗೆ ತಿಳಿಸಿರಿ' ಅಂತ. ಇಲ್ಲಿಯ ತನಕ ಯಾರೂ ಬಂದಿಲ್ಲ. ರಾತ್ರಿ ಎರಡಕ್ಕೆ ಅದು ಇನ್ನೂ ಕೇಳುತ್ತಲೇ ಅದ.